ಅಧ್ಯಕ್ಷ ಪದವಿಯಿಂದ ಪರಾರಿ

ಈ ಅನಾಹುತಕ್ಕೆಲ್ಲ ಮೂಲ ಒಂದು ಕೆಮ್ಮು. ಅದೂ ನಮ್ಮ ಕಥಾನಾಯಕ ಎಸ್ಕೊ ಕೆಮ್ಮಿದ್ದಲ್ಲ. ಕೆಮ್ಮಿದವನು ಮೇಲ್ಮಹಡಿಯ ರೈಮೊ.

ಕುವೊಪಿಯೊ ಊರಿನ ನಮ್ಮ ಕಟ್ಟಡದಲ್ಲಿ ನಿವಾಸಿಗಳ ಸಂಘಕ್ಕೆ ಅಧ್ಯಕ್ಷರನ್ನು ಆರಿಸುವ ರೀತಿಯೇ ಹಾಗೆ. ಫಿನ್‌ಲ್ಯಾಂಡಿನವರು ನಾವು, ಮಾತಿಗೂ ತೆರಿಗೆ ಇದೆಯೇನೋ ಎಂಬಂತೆ ಬಾಯಿ ಬಿಗಿದು ಕೂರುತ್ತೇವೆ. "ಯಾರು ಆಗ್ತೀರಿ?" ಎಂದು ಕೇಳಿದಾಗ ಥಟ್ಟನೆ "ನನ್ನ ಕೈಲಿ ಆಗಲ್ಲ" ಎಂದವನು ಬಚಾವ್. ಮೂರು ವರ್ಷದ ಹಿಂದೆ ರೈಮೊ ಅದನ್ನು ಹೇಳಲೆಂದೇ ಬಾಯಿ ತೆರೆದ, ಕೆಮ್ಮು ಬಂತು. ಕೆಮ್ಮಿ ಮುಗಿಸುವಷ್ಟರಲ್ಲಿ ಎಲ್ಲರೂ ಅವನೇ ಅಧ್ಯಕ್ಷನೆಂದು ಚಪ್ಪಾಳೆ ತಟ್ಟಿಯಾಗಿತ್ತು. ಯಾರ ನಾಯಿ ಬೊಗಳಿತು, ಯಾರ ಬಟ್ಟೆ ಒಗೆಯುವ ಸರದಿಯನ್ನು ಯಾರು ನುಂಗಿದರು, ಮೆಟ್ಟಿಲ ಮೇಲಿನ ಹಿಮ ಯಾಕೆ ಹಾಗೇ ಇದೆ ಎಂಬ ದೂರುಗಳಲ್ಲಿ ರೈಮೊನ ಅರ್ಧ ತಲೆ ಬಿಳಿಯಾಯಿತು, ಇನ್ನರ್ಧ ಬೋಳಾಯಿತು.

ಈ ವರ್ಷ ಅವನ ಅವಧಿ ಮುಗಿಯಿತು. ಬಸ್ ಡಿಪೋದಲ್ಲಿ ಕೆಲಸ ಮಾಡುವ ನಮ್ಮ ಎಸ್ಕೊಗೆ ಎದೆ ಧಸಕ್ಕೆಂದಿತು. ಅವನಿಗೆ "ಆಗಲ್ಲ" ಎಂಬ ಮಾತು ಹುಟ್ಟಿದಾಗಿನಿಂದ ಬಾಯಿಗೆ ಬಂದದ್ದಿಲ್ಲ. ಸಾಲದ್ದಕ್ಕೆ ಎದುರುಮನೆಯ ಹಿಲ್ಕಾ, ನಿವೃತ್ತ ಮುಖ್ಯೋಪಾಧ್ಯಾಯಿನಿ, ಸಿಕ್ಕಾಗಲೆಲ್ಲ "ಈ ಸಲ ನೀವೇ ಕಣ್ರೀ ಎಸ್ಕೊ, ಇನ್ಯಾರಿದಾರೆ ಹೇಳಿ?" ಎನ್ನುತ್ತಿದ್ದಳು. ಬಾಗಿಲ ಕಿಂಡಿಯಲ್ಲಿ ಇಣುಕಿ, ಆಕೆ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಅವನು ಹೊರಗೆ ಕಾಲಿಡುತ್ತಿದ್ದ.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಯಾರಿಗೂ ಹೇಳದೆ ರಜೆ ಹಾಕಿ, ಎಸ್ಕೊ ಡೇನರ ರಾಜಧಾನಿ ಕೋಪನ್‌ಹೇಗನ್‌ಗೆ ಹಾರಿಬಿಟ್ಟ. ಫೋನನ್ನು ಆಫ್ ಮಾಡಿ ಕೋಟಿನ ಒಳಜೇಬಿಗೆ ತುರುಕಿದ. ಸಭೆ ಇದ್ದದ್ದು ಮರುದಿನ ಸಂಜೆ ಐದಕ್ಕೆ. ಆರರವರೆಗೆ ಯಾರ ಕೈಗೂ ಸಿಗದಿದ್ದರೆ ಗೆದ್ದಂತೆ.

ಮರುದಿನ ಬೆಳಗ್ಗೆ ಸೇತುವೆಯ ಮೇಲೆ ನಿಂತು ದಾಲ್ಚಿನ್ನಿ ಬನ್ನು ಕಚ್ಚುತ್ತ, ಇವತ್ತು ಊರೆಲ್ಲ ನೋಡಿಯೇ ತೀರುತ್ತೇನೆ, ಗೋಪುರ, ಅರಮನೆ, ಬಂಡೆಯ ಮೇಲಿನ ಮತ್ಸ್ಯಕನ್ಯೆಯ ಪ್ರತಿಮೆ ಯಾವುದನ್ನೂ ಬಿಡುವುದಿಲ್ಲ ಎಂದು ಪಣ ತೊಟ್ಟ. ಎರಡನೆಯ ತುತ್ತು ಕಚ್ಚುತ್ತ ತಲೆ ಎತ್ತಿದ. ಸೇತುವೆಯ ಆ ತುದಿಯಲ್ಲಿ ಬೀಟ್‌ರೂಟ್ ಬಣ್ಣದ ಉಣ್ಣೆ ಟೋಪಿ! ಹಿಲ್ಕಾ ತಾನೇ ಹೆಣೆದದ್ದು. ಅಂಥದ್ದು ಪ್ರಪಂಚದಲ್ಲಿ ಇನ್ನೊಂದಿಲ್ಲ, ಇರಲೂಬಾರದು.

"ಅಯ್ಯೋ, ಇಲ್ಲಿಗೂ ಹುಡುಕ್ಕೊಂಡು ಬಂದ್ಲಲ್ಲಪ್ಪಾ! ಹಿಡಿದು ನಿಲ್ಲಿಸಿ ಫೋನಲ್ಲೇ ಹೂಂ ಅನ್ನಿಸಿಬಿಡ್ತಾಳೆ!" ಎಂದು ಎಸ್ಕೊ ಹಿಂದಕ್ಕೆ ಹಾರಿದ. ಹಾರಿದ್ದು ಸೈಕಲ್ ದಾರಿಗೆ. ಕೋಪನ್‌ಹೇಗನ್‌ನಲ್ಲಿ ಹುಲಿಯ ಬೋನಿಗೆ ಬೇಕಾದರೂ ಕಾಲಿಡಬಹುದು, ಅಲ್ಲಿಗೆ ಇಡಬಾರದು.

"ಕಣ್ಣು ಹೋಟ್ಲಲ್ಲೇ ಬಿಟ್ಟು ಬಂದ್ಯೇನಯ್ಯಾ?" ಎಂದು ಒಬ್ಬ ಕೂಗಿದ.

"ಸಾಯೋಕೆ ನಿಮ್ಮೂರಲ್ಲಿ ಜಾಗ ಇರ್ಲಿಲ್ವಾ?" ಎಂದು ಇನ್ನೊಬ್ಬಳು ಗಂಟೆ ಬಾರಿಸಿದಳು. ಬನ್ನಿನ ಮೇಲೆ ನಾಲ್ಕಾರು ಚಕ್ರ ಹರಿದವು.

ಸೇತುವೆಯ ಬುಡದ ಕಾಲುವೆಯಲ್ಲಿ ಹೊರಡಲಿದ್ದ ಪ್ರವಾಸಿ ದೋಣಿಯೊಂದಕ್ಕೆ ಎಸ್ಕೊ ನೆಗೆದ. ಅಬ್ಬಾ ಎಂದು ಉಸಿರುಬಿಟ್ಟು ದಡ ನೋಡಿದರೆ, ಅದೇ ಟೋಪಿ ದೋಣಿಯ ಜೊತೆಜೊತೆಗೇ ದಾಪುಗಾಲು ಹಾಕುತ್ತಿದೆ! ಅವನು ಬೆಂಚಿನ ಕೆಳಗೆ ನುಸುಳಿದ. ದೋಣಿ ಬಂದರಿಗೆ ಹೊರಳಿದರೂ ಹೊರಬರಲಿಲ್ಲ.

"ಮೇಲೆ ಬನ್ನಿ ಸಾರ್, ಮತ್ಸ್ಯಕನ್ಯೆ ಬಂತು," ಎಂದಳು ದೋಣಿಯ ಹುಡುಗಿ.

"ಇರ್ಲಿ ಬಿಡಮ್ಮಾ, ಇಲ್ಲಿಂದ್ಲೇ ನೋಡ್ತೀನಿ."

"ಅಲ್ಲಿಂದ ಕಾಣೋದು ನಮ್ಮೆಜಮಾನ್ರ ಬೂಟು ಅಷ್ಟೇ ಕಣಪ್ಪಾ!" ಎಂದು ಬೆಂಚಿನ ಮೇಲಿದ್ದ ಹೆಂಗಸು ನಕ್ಕಳು. ಮತ್ಸ್ಯಕನ್ಯೆ ಹಿಂದೆ ಹೋಯಿತು. ಬೂಟನ್ನು ಮಾತ್ರ ಎಸ್ಕೊ ಕಣ್ತುಂಬ ನೋಡಿದ.

ದೋಣಿ ಇಳಿದು ಪುರಭವನದ ಕಡೆ ನಡೆದರೆ, ಚೌಕದ ಆ ಬದಿಯಲ್ಲಿ ಮತ್ತೆ ಬೀಟ್‌ರೂಟ್! ಮದುವೆ ಮುಗಿಸಿ ಮೆಟ್ಟಿಲಲ್ಲಿ ನಿಂತಿದ್ದ ಗುಂಪಿನೊಳಗೆ ಅವನು ನುಗ್ಗಿದ. ಮೇಲಿಂದ ಅಕ್ಕಿಕಾಳು ಸುರಿಯಿತು. ಮದುಮಗಳ ಚಿಕ್ಕಮ್ಮ ಅವನನ್ನು ಬಾಚಿ ತಬ್ಬಿಕೊಂಡಳು.

"ನೀವು ಹುಡುಗನ ಕಡೆಯವರಾ?"

ಇಲ್ಲ ಎನ್ನಲು ಬಾರದ ಪ್ರಾಣಿ "ಹೂಂ" ಎಂದಿತು.

"ಹಾಗಾದ್ರೆ ಎರಡು ಮಾತಾಡ್ಲೇಬೇಕು! ಎಲ್ರೂ ಸುಮ್ನಿರಿ, ಇವರು ಮಾತಾಡ್ತಾರೆ!"

ಫಿನ್‌ಲ್ಯಾಂಡಿನವನಿಗೆ ಭಾಷಣ ಮಾಡು ಎನ್ನುವುದೂ ಒಂದೇ, ಬೆಂಕಿಗೆ ಹಾರು ಎನ್ನುವುದೂ ಒಂದೇ. ಎಸ್ಕೊ ತಲೆಯಿಂದ ಅಕ್ಕಿ ಉದುರಿಸುತ್ತ ಓಟ ಕಿತ್ತ.

ಬಂದರಿನ ದಂಡೆಗೆ ಬಂದಾಗ ಮೂಗಿಗೆ ಪರಿಚಿತ ವಾಸನೆ ಬಡಿಯಿತು. ಸೌನಾ! ಬಿಸಿಗಲ್ಲಿಗೆ ನೀರೆರೆದು ಬೆವರುವ ನಮ್ಮ ಕತ್ತಲ ಕೋಣೆ. ಡೇನರು ಗಂಡು ಹೆಣ್ಣು ಎನ್ನದೆ ಒಟ್ಟಿಗೇ ಕೂರುತ್ತಾರೆ, ಬಿಸಿ ಸಾಲದ್ದನ್ನೂ ಸೌನಾ ಅನ್ನುತ್ತಾರೆ, ಪಾಪ, ಆದರೆ ಆಪತ್ತಿನಲ್ಲಿ ಇಷ್ಟಾದರೂ ಸಿಕ್ಕಿತಲ್ಲ. ಬಟ್ಟೆಯನ್ನೂ ಫೋನನ್ನೂ ಹೊರಗಿಟ್ಟು, ಸೊಂಟಕ್ಕೊಂದು ಟವೆಲ್ ಸುತ್ತಿ, ಮುಖದ ಮೇಲೊಂದು ಎಳೆದುಕೊಂಡು ಮೂಲೆಯಲ್ಲಿ ಕೂತ. ಎದುರು ಮೂಲೆಯಲ್ಲೂ ಯಾರೋ ಹಾಗೇ ಮುಸುಕು ಹಾಕಿ ಕೂತಿದ್ದರು. ಜನ ಬಂದರು, ಹೋದರು. ಇವರಿಬ್ಬರೂ ಕದಲಲಿಲ್ಲ.

ಬಹಳ ಹೊತ್ತಿನ ಮೇಲೆ ಎದುರಿನ ಆಕೃತಿ ಎದ್ದು ಕಲ್ಲಿನ ಮೇಲೆ ಅರ್ಧ ಸೌಟು ನೀರು ಹಾಕಿತು. ಬರೀ ಅರ್ಧ! ಎಸ್ಕೊನ ರಕ್ತ ಕುದಿಯಿತು.

"ಧಾರಾಳವಾಗಿ ಹಾಕ್ರೀ, ನೀರಿಗೇನು ಬರ ಬಂದಿದ್ಯಾ?"

"ಅರ್ಧ ಸೌಟೇ ನಿಯಮ ಕಣ್ರೀ. ನಮ್ಮ ಕಟ್ಟಡದಲ್ಲಿ..."

ಎರಡು ಮುಸುಕೂ ಒಟ್ಟಿಗೇ ಜಾರಿದವು.

"ನನ್ನ ಕೈಲಿ ಆಗಲ್ಲ!" ಎಂದು ಎಸ್ಕೊ ಕಿರುಚಿದ.

"ನನ್ನ ಕೈಲೂ ಆಗಲ್ಲ!" ಎಂದು ಹಿಲ್ಕಾ ಅದಕ್ಕಿಂತ ಜೋರಾಗಿ ಕಿರುಚಿದಳು.

ಎಸ್ಕೊ ಜಾರುತ್ತಿದ್ದ ಸೊಂಟದ ಟವೆಲನ್ನು ಬಿಗಿಮಾಡಿಕೊಂಡ.

"ಅಂದ್ರೆ ನೀವು ನನ್ನ ಹಿಡಿಯೋಕೆ ಬಂದಿಲ್ವಾ?"

"ನಾನ್ಯಾಕೆ ಬರ್ಲಿ? ನೀವೇ ನನ್ನ ಬೆನ್ನು ಹತ್ತಿದೀರಿ ಅಂತ ಬೆಳಗ್ಗೆಯಿಂದ ಓಡ್ತಿದೀನಿ! ದಡದ ಮೇಲೆ ಎಷ್ಟು ಬಿರಬಿರ ನಡೆದ್ರೂ ನಿಮ್ಮ ಹಾಳು ದೋಣಿ ಬಿಡ್ಲಿಲ್ಲ. ಜೀವಮಾನವೆಲ್ಲ ಮಕ್ಕಳ ಚಾಡಿ ಕೇಳಿದೀನಿ, ಇನ್ನು ದೊಡ್ಡವರದ್ದು ಕೇಳಲಾರೆ. ನಿಮ್ಮನ್ನ ಮುಂದೆ ತಳ್ತಿದ್ದಿದ್ದೂ ಅದಕ್ಕೇ ಕಣ್ರೀ."

ಅಷ್ಟರಲ್ಲಿ ಊರ ಗಂಟೆ ಆರು ಹೊಡೆಯಿತು. ಹೊರಬಂದು ಇಬ್ಬರೂ ದಂಡೆಯ ಹಲಗೆಯ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕರು. ಎಸ್ಕೊಗೆ ಎದೆ ಹಗುರಾಗಿತ್ತು. ಊರು ನೋಡದಿದ್ದರೇನು, ನಾಳೆ ಇದೆ. ಗೆದ್ದನಲ್ಲ! ಆ ಹುರುಪಿನಲ್ಲೇ ಫೋನು ಆನ್ ಮಾಡಿದ. ಮಾಡುತ್ತಲೇ ಅದು ರಿಂಗಾಯಿತು. ರೈಮೊ.

"ಅಭಿನಂದನೆ, ಅಧ್ಯಕ್ಷರೇ!"

"ಯಾರ್ರೀ ಅಧ್ಯಕ್ಷರು? ನಾನು ಸಭೆಗೇ ಬಂದಿಲ್ಲ!"

"ಅದಕ್ಕೇ ಮಾರಾಯ್ರೆ! ಬಂದವರೆಲ್ಲ ಆಗಲ್ಲ ಅಂದ್ಬಿಟ್ರು. ಇಡೀ ಕಟ್ಟಡದಲ್ಲಿ ಆಗಲ್ಲ ಅನ್ನದೆ ಇದ್ದವರು ಇಬ್ಬರೇ. ನೀವು ಅಧ್ಯಕ್ಷರು, ಹಿಲ್ಕಾ ಕಾರ್ಯದರ್ಶಿ. ಅವರು ಎಲ್ಲಿದಾರೋ, ಫೋನೇ ಎತ್ತುತ್ತಿಲ್ಲ."

"ಆಗಲ್ಲ!" ಎಂದು ಎಸ್ಕೊ ಬಂದರು ನಡುಗುವಂತೆ ಕೂಗಿದ. "ನನ್ನ ಕೈಲಿ ಆಗಲ್ಲ! ಆಗಲ್ಲ! ಆಗಲ್ಲ!"

"ಇಷ್ಟು ಚೆನ್ನಾಗಿ ಹೇಳ್ತೀರಲ್ರೀ!" ಎಂದ ರೈಮೊ, ನಿಜವಾಗಿಯೂ ಮರುಗಿ. "ಐದು ಗಂಟೆಗೇ ಇಲ್ಲಿ ಬಂದು ಹೇಳಿದ್ರೆ ಆಗ್ತಿತ್ತಲ್ಲ?"

ರೈಮೊ ಫೋನಿಟ್ಟ. ಮರುಕ್ಷಣವೇ ಎಸ್ಕೊನ ಫೋನು ಮತ್ತೆ ರಿಂಗಾಯಿತು. ಎರಡನೆಯ ಮಹಡಿಯಲ್ಲಿ ಯಾರದೋ ನಾಯಿ ಬೊಗಳುತ್ತಿತ್ತಂತೆ.