ನಾನು ಪಿನ್ ಹೊಡೆದ ಇಟಲಿ ಕಥೆಗಳು

ಶಿಸ್ತಿಲ್ಲದವರ ಮನೆಯಲ್ಲಿ ಏನೂ ಆಗುವುದಿಲ್ಲ. ಎಲ್ಲ ಆಗುವುದು ನನ್ನಂಥವರ ಮನೆಯಲ್ಲೇ. ಜಯನಗರದ ನಮ್ಮ ಮಹಿಳಾ ಓದುಬಳಗಕ್ಕೆ ಆರಂಭದಿಂದಲೂ ನಾನೇ ಅಧ್ಯಕ್ಷೆ. ಈ ವರ್ಷವೂ ಆಯ್ಕೆಯಾಗಬೇಕಿತ್ತು. ಅದಕ್ಕೆಂದೇ ಘನವಾದ ಪುಸ್ತಕವೊಂದನ್ನು ಆರಿಸಿದೆ.

ತೋಟದವನು

ಅದು ಇಟಲಿಯ ಬಹಳ ಹಳೆಯ ಕಥೆಗಳ ಕನ್ನಡ ಅನುವಾದ. ಊರಿಗೆ ಮಹಾಮಾರಿ ಬಂದಾಗ ಕೆಲವರು ತೋಟದ ಮನೆಗೆ ಓಡಿಹೋಗಿ ಕಥೆ ಹೇಳಿಕೊಳ್ಳುತ್ತಾರೆ. "ಕ್ಲಾಸಿಕ್. ಎಲ್ಲರೂ ಓದಲೇಬೇಕು" ಎಂದು ಸಭೆಯಲ್ಲಿ ಅಪ್ಪಣೆ ಮಾಡಿ, ಮನೆಗೆ ಬಂದು ಮೊದಲ ಬಾರಿಗೆ ತೆರೆದೆ. ಸಿಕ್ಕಿದ್ದು ಸನ್ಯಾಸಿನಿಯರ ಮಠ, ಅಲ್ಲಿಗೊಬ್ಬ ಗಟ್ಟಿಮುಟ್ಟಾದ ತೋಟಗಾರ. ಓದಿ ಮುಗಿಸಿ ನೀರು ಕುಡಿದೆ. ನಾನು ಓದಿದ ಕಾನ್ವೆಂಟಿನಲ್ಲಿ ತೋಟದ ಕೆಲಸಕ್ಕೆ ಹಲ್ಲಿಲ್ಲದ ಮುದುಕನನ್ನೇ ಏಕೆ ಇಟ್ಟುಕೊಂಡಿದ್ದರೆಂದು ಅಂದು ಅರ್ಥವಾಯಿತು.

ನಿಷೇಧ

ಹೇಳಿದ ಮೇಲೆ ಪುಸ್ತಕ ಬದಲಾಯಿಸಿದರೆ ಅಧ್ಯಕ್ಷೆಯ ಮಾತಿಗೆ ಬೆಲೆಯೇನು? ಇದ್ದದ್ದು ಒಂದೇ ಪ್ರತಿ. ಸಭ್ಯವಲ್ಲದ ಕಥೆಗಳ ಹಾಳೆಗಳಿಗೆಲ್ಲ ಸ್ಟೇಪ್ಲರಿನಿಂದ ಅಚ್ಚುಕಟ್ಟಾಗಿ ಪಿನ್ ಹೊಡೆದು, ತಿಲಕ್ ನಗರದ ಸದಸ್ಯೆಗೆ ಮೊದಲು ಕೊಟ್ಟೆ. ಯಾವ ಪುಸ್ತಕದಲ್ಲೂ ಮುನ್ನುಡಿ ದಾಟದವರು ವಾರದೊಳಗೆ ಹಿಂದಿರುಗಿಸಿದರು. ಒಂದು ಪಿನ್ನೂ ಉಳಿದಿರಲಿಲ್ಲ.

"ನೀವು ಗುರುತು ಮಾಡಿ ಕೊಟ್ಟಿದ್ದು ಎಷ್ಟು ಅನುಕೂಲ ಆಯ್ತು ಮೇಡಂ! ಮಿಕ್ಕಿದ್ದೆಲ್ಲ ಓದೋಕೆ ಟೈಮ್ ಎಲ್ಲಿದೆ?"

"ಅದು ಗುರುತಲ್ಲ, ನಿಷೇಧ."

"ಹೌದಾ? ಹಾಗಾದ್ರೆ ಇನ್ನೊಂದ್ಸಲ ಓದ್ತೀನಿ, ಕೊಡಿ."

ಆಯ್ಕೆ

ಪುಸ್ತಕವನ್ನು ಮತ್ತೆ ಯಾರಿಗೂ ಕೊಡದೆ ಮನೆಯಲ್ಲೇ ಇಟ್ಟುಕೊಂಡೆ. ಚುನಾವಣೆಯ ಸಭೆಯೂ ನಮ್ಮ ಮನೆಯಲ್ಲೇ. ಎಂದೂ ಇಲ್ಲದ ಹಾಜರಿ. ಸಿಲ್ಕ್ ಬೋರ್ಡಿನ ಟ್ರಾಫಿಕ್ ದಾಟಿಯೂ ಬಂದಿದ್ದರು. ಎರಡು ಹೊತ್ತು ಪೂಜೆ ಮಾಡುವ ಅತ್ತೆಯವರ ಕಿವಿಗೆ ಬೀಳದಿರಲೆಂದು ಅವರ ಕೋಣೆಯ ಬಾಗಿಲು ಮುಚ್ಚಿದೆ. ಎದ್ದು ನಿಂತು, ಬೇಡದ್ದನ್ನು ಹಾರಿಸುತ್ತ ಒಬ್ಬ ಸನ್ಯಾಸಿಯ ಕಥೆ ಓದಿದೆ. ಸನ್ಯಾಸಿ ಒಬ್ಬಾಕೆಯ ಮನೆಗೆ ಬಂದ, ಬೆಳಿಗ್ಗೆ ಹೊರಟುಹೋದ.

ಒಳಗಿಂದ ಅತ್ತೆಯವರು ಕೂಗಿದರು: "ಅಲ್ಲಿ ಎರಡು ಪುಟ ಬಿಟ್ಟೆ ಕಣೇ!"

ವಾಕರ್ ಹಿಡಿದು ಬಂದವರು ನೇರವಾಗಿ ಅಧ್ಯಕ್ಷೆಯ ಕುರ್ಚಿಯಲ್ಲಿ ಕುಳಿತರು. "ನೀನು ವಾಕಿಂಗ್ ಹೋದಾಗೆಲ್ಲ ಭೂತಗನ್ನಡಿ ಹಿಡ್ಕೊಂಡು ಓದಿದೀನಿ. ಮುಖ್ಯವಾದದ್ದೇ ಬಿಟ್ರೆ ಇವರಿಗೆ ಕಥೆ ಹೆಂಗೆ ತಿಳಿಯತ್ತೆ?"

"ಅಜ್ಜೀನೇ ಅಧ್ಯಕ್ಷೆ ಆಗ್ಲಿ!" ಎಂದರು ತಿಲಕ್ ನಗರದವರು. ಎಲ್ಲರ ಕೈಗಳೂ ಮೇಲೆದ್ದವು.

ಹೊಸ ಅಧ್ಯಕ್ಷೆಯ ಮೊದಲ ಅಪ್ಪಣೆ ನನಗೇ: "ಮೊದಲಿಂದ ಓದು. ಆ ಸನ್ಯಾಸಿ ಮಾತಾಡೋ ಕಡೆ ಸ್ವಲ್ಪ ಗಂಡು ದನಿ ಮಾಡು."

ಮಾಡಿದೆ. ಉಚ್ಚಾರಣೆಯಲ್ಲಿ ಒಂದೂ ತಪ್ಪಿರಲಿಲ್ಲ.