ಕೋಳಿಗೂಡಿನ ಕಾನೂನಿಗೆ ಅಣ್ಣನ ತಿದ್ದುಪಡಿ

ನನ್ನ ಅಣ್ಣ ಒಂದು ಕಾನೂನು ಮಾಡಿದ್ದಾನೆ. ಅದು ಸಂವಿಧಾನಬಾಹಿರವೆಂದು ರದ್ದಾಗಿದೆ. ಅದಕ್ಕೆ ಅವನು ತಿದ್ದುಪಡಿಯನ್ನೂ ತಂದಿದ್ದಾನೆ. ಹಾಗಂತ ಅವನು ಶಾಸಕನಲ್ಲ, ಮಂತ್ರಿಯಲ್ಲ. ಕಾರಡ್ಕದ ಕಡೆ ಹಾಲಿನ ಸೊಸೈಟಿಯಲ್ಲಿ ಮೂವತ್ತು ವರ್ಷ ಹಾಲು ಅಳೆದು ನಿವೃತ್ತನಾದವನು! ಇತ್ತ ಕಾಸರಗೋಡಿನ ಕೋರ್ಟಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕರಿಕೋಟಿನೊಳಗೆ ಬೆವರುತ್ತಿರುವ ವಕೀಲ ನಾನು. ಬೇಲಿ ಜಗಳ, ಬಾವಿ ಜಗಳ ಬಿಟ್ಟರೆ ‘ಸಂವಿಧಾನ’ ಎಂಬ ಶಬ್ದವನ್ನು ನ್ಯಾಯಾಧೀಶರ ಮುಂದೆ ಉಚ್ಚರಿಸುವ ಯೋಗವೇ ನನಗೆ ಬಂದಿಲ್ಲ. ಹೊಟ್ಟೆ ಉರಿಯದೆ ಇರುತ್ತದೆಯೇ, ನೀವೇ ಹೇಳಿ!

ಹೊಟ್ಟೆಕಿಚ್ಚು ಇಂದು ನಿನ್ನೆಯದಲ್ಲ. ಭಾನುವಾರ ಅಮ್ಮ, ಅಣ್ಣ ಇರುವ ಊರಿನ ಮನೆಗೆ ಹೋದರೆ ನಾಯಿ ನನ್ನನ್ನು ಕಳ್ಳನೆಂದೇ ಬಗೆದು ಬೊಗಳುತ್ತದೆ, ಅಣ್ಣ ಕೆಮ್ಮಿದರೆ ಸಾಕು, ಬಾಲ ಅಲ್ಲಾಡಿಸುತ್ತ ಓಡುತ್ತದೆ. ಅಮ್ಮನೂ ಅಷ್ಟೆ. ನಾನು ಮೆಟ್ಟಿಲು ಹತ್ತುವ ಮೊದಲೇ “ದಾರಿಯಲ್ಲಿ ಅಣ್ಣ ಸಿಕ್ಕಿದನಾ?” ಎಂದು ಕೇಳುತ್ತಾಳೆ. ಅರೆ, ಬಂದವನು ನಾನಲ್ಲವೇ?

ಇನ್ನು ಕೋಳಿಗಳು! ಅಣ್ಣನದು ಗುಡುಗಿನಂಥ ಗಂಟಲು. ಆದರೆ ಕೋಳಿಗಳನ್ನು ಕರೆಯುವಾಗ ಮಾತ್ರ ಅದೆಲ್ಲಿಂದಲೋ ಒಂದು ಕೀರಲು ದನಿ ತೆಗೆಯುತ್ತಾನೆ. “ಬಾ ಬಾ ಬಾ ಬ್ಬಾ...” ಅರುವತ್ತರ ಗಂಡಸು, ಮೀಸೆಯವನು, ಹಾಲುಹಲ್ಲಿನ ಮಗುವಿನ ಹಾಗೆ! ದಾರಿಯಲ್ಲಿ ಹೋಗುವವರು ನಿಂತು ನಗುತ್ತಾರೆ. ನಾನಂತೂ ಬಾರ್ ಅಸೋಸಿಯೇಶನ್ನಿನಲ್ಲಿ ಅದನ್ನು ಅನುಕರಿಸಿ ತೋರಿಸಿ ಎಷ್ಟೋ ಸಲ ಚಹಾ ಗಿಟ್ಟಿಸಿದ್ದೇನೆ. ಆದರೆ ನಾನು ಹಾಗೆಯೇ ಕರೆದರೆ ಒಂದು ಹುಂಜವೂ ತಿರುಗಿ ನೋಡುವುದಿಲ್ಲ.

ಒಮ್ಮೆ ನಾನು ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಜಗಲಿಯಲ್ಲಿ ಕುಳಿತಿದ್ದೆ. ನೆರೆಮನೆಯವರು ಬಂದರು.

“ವಕೀಲರೇ, ಅಣ್ಣ ಇಲ್ವಾ? ಆಡಿನದ್ದು ಒಂದು ತಕರಾರು ಉಂಟು.”

“ನನ್ನ ಹತ್ರ ಹೇಳಿ.”

“ಬೇಡ ಮಾರಾಯ್ರೇ. ಅಣ್ಣ ಆದ್ರೆ ಇವತ್ತೇ ಮುಗಿಸ್ತಾರೆ!”

ಇಂಥವನು ನಿವೃತ್ತನಾದರೆ ಸುಮ್ಮನಿರುತ್ತಾನೆಯೇ? ಸೊಸೈಟಿಯಲ್ಲಿ ಮೀಟಿಂಗಿನ ಮಿನಿಟ್ಸ್ ಬರೆದು ಬರೆದು ಅಭ್ಯಾಸವಾದ ಕೈ. ಒಂದು ಭಾನುವಾರ ನೋಡಿದರೆ ಕೋಳಿಗೂಡಿನ ಬಾಗಿಲಲ್ಲಿ ‘ಮನೆಯ ಪ್ರಾಣಿ ಸಂರಕ್ಷಣಾ ಕಾನೂನು’ ಅಂಟಿಕೊಂಡಿತ್ತು. ಹೆಸರಿಟ್ಟ ಯಾವ ಪ್ರಾಣಿಯನ್ನೂ ಕೊಲ್ಲಬಾರದು, ಬೈಯಬಾರದು. ಬೆಕ್ಕು ಕುರ್ಚಿಯಲ್ಲಿ ಮಲಗಿದ್ದರೆ ಮನುಷ್ಯರು ಬೇರೆ ಕುರ್ಚಿ ನೋಡಿಕೊಳ್ಳಬೇಕು. ಮನೆಯಲ್ಲಿ ಇದ್ದದ್ದು ಎರಡೇ ಕುರ್ಚಿ, ಬೆಕ್ಕುಗಳೂ ಎರಡು! ವಾರ್ಡ್ ಮೆಂಬರ್ ಬಂದವರು ಮೆಟ್ಟಿಲ ಮೇಲೆ ಕುಳಿತು ಚಹಾ ಕುಡಿದು ಹೋದರು. ಅಮ್ಮನ ಹಲಸಿನ ಹಪ್ಪಳ ತಿನ್ನುತ್ತಿದ್ದ ಇಲಿಗೆ ಬೋನು ಇಡಲು ಹೊರಟೆ. “ಅದರ ಹೆಸರು ಕುಟ್ಟ,” ಎಂದ ಅಣ್ಣ. ಹೆಸರಿಟ್ಟದ್ದು ಯಾವಾಗ? “ಈಗ!”

ಇದನ್ನೆಲ್ಲ ಸಹಿಸಿಕೊಂಡೇನು. ಆದರೆ ಬೊಳ್ಳೆಯ ವಿಷಯ? ಬೊಳ್ಳೆಯೆಂದರೆ ಅಣ್ಣ ಹಾಗೆಂದು ಹೆಸರಿಟ್ಟ ಒಂದು ಬಿಳಿ ಹುಂಜ. ಅದು ಮರಿಯಾಗಿದ್ದಾಗಿನಿಂದ ನಾನು ಅದರಲ್ಲಿ ಕೋರಿ ರೊಟ್ಟಿಯನ್ನೇ ಕಾಣುತ್ತಿದ್ದೆ. ಗರಿಗರಿ ಅಕ್ಕಿರೊಟ್ಟಿಯ ಮೇಲೆ ಊರಿನ ಕೋಳಿಯ ಸಾರು ಹೊಯ್ದುಕೊಂಡು ಉಣ್ಣುವುದಕ್ಕಲ್ಲದೆ ಮತ್ತೆ ಯಾಕೆ ನಾನು ಭಾನುವಾರ ಭಾನುವಾರ ಬಸ್ಸು ಹತ್ತುವುದು? ಅಣ್ಣನಿಗೇನು, ಅವನು ಕೋಳಿ ಮುಟ್ಟುವವನಲ್ಲ. ಎಲ್ಲರೂ ಸಾರು ಸುರಿದುಕೊಳ್ಳುವಾಗ ರೊಟ್ಟಿಗೆ ಬರಿ ತೆಂಗಿನಹಾಲು ಹಾಕಿಕೊಂಡು ದೊಡ್ಡ ಋಷಿಯ ಹಾಗೆ ಕೂರುತ್ತಾನೆ. ಅದಕ್ಕೂ ಅಮ್ಮನ ಮೆಚ್ಚುಗೆ!

ನಾನು ಕೇಸು ಹಾಕಿದೆ. ನಮ್ಮ ಮನೆಯ ಹೈಕೋರ್ಟು ಅಮ್ಮ. ಸಂವಿಧಾನವೆಂದರೆ ತೀರಿಹೋದ ಅಪ್ಪ ಹೇಳುತ್ತಿದ್ದ ಒಂದೇ ಮಾತು: ಈ ಮನೆಯಲ್ಲಿ ಒಬ್ಬರ ಬಟ್ಟಲಿಗೊಂದು, ಇನ್ನೊಬ್ಬರ ಬಟ್ಟಲಿಗೊಂದು ಇಲ್ಲ. ಅಮ್ಮ ಹಲಸಿನ ಬೀಜ ಸುಲಿಯುತ್ತ ಕೂತಿದ್ದಳು. ನಾನು ಗಂಟಲು ಸರಿಮಾಡಿಕೊಂಡೆ.

“ಅಮ್ಮ, ಹೆಸರಿದ್ದ ಕೋಳಿಗೆ ರಕ್ಷಣೆ, ಹೆಸರಿಲ್ಲದ ಕೋಳಿಗೆ ಕತ್ತಿ. ಇದು ಅಪ್ಪನ ಮಾತಿಗೆ ವಿರುದ್ಧ ಅಲ್ವಾ?”

ಅಮ್ಮ ಕತ್ತಿ ಕೆಳಗಿಟ್ಟಳು. “ಹೌದು ಮಗ. ಅದು ಸರಿಯಲ್ಲ. ರದ್ದು!”

ಆಹಾ! ಜೀವಮಾನದ ಮೊದಲ ಸಾಂವಿಧಾನಿಕ ಜಯ! ನಾನು ಜೊತೆಗೆ ಬಂದು ಅಡುಗೆಮನೆಯಲ್ಲಿದ್ದ ಹೆಂಡತಿಗೆ ಮಸಾಲೆ ಹುರಿಯಲು ಹೇಳಬೇಕೆನ್ನುವಷ್ಟರಲ್ಲಿ ಅಮ್ಮ ಮುಂದುವರಿಸಿದಳು. “ಬರುವ ಭಾನುವಾರದ ಒಳಗೆ ಅಣ್ಣ ಅದನ್ನು ಸರಿ ಮಾಡಿ ತರಲಿ. ಅಲ್ಲಿವರೆಗೆ ಗೂಡಿನ ಹತ್ರ ಯಾರೂ ಹೋಗ್ಲಿಕ್ಕಿಲ್ಲ.”

“ಭೇದಗತಿ ಮಾಡ್ತೇನೆ,” ಎಂದ ಅಣ್ಣ. ತಿದ್ದುಪಡಿಗೆ ನಮ್ಮ ಕೇರಳ ಸರ್ಕಾರದ ಕಾಗದಗಳಲ್ಲಿ ಇರುವ ಮಾತು ಅದು.

ನಾನು ಬಿಡುವವನೇ? “ಬರೀ ಭೇದಗತಿ ಸಾಲದು. ಉದ್ದೇಶ ಮತ್ತು ಕಾರಣಗಳ ಹೇಳಿಕೆ ಬೇಕು. ಇಂಥ ಕಾನೂನು ಯಾಕೆ ಬೇಕಾಯ್ತು ಅಂತ ಬರೆದು ತಾ. ಕಾರಣ ಇಲ್ಲದಿದ್ರೆ ಬೊಳ್ಳೆ ಪಾತ್ರೆಗೆ!”

ಎಂತದ್ದಕ್ಕೂ ಉತ್ತರ ಇಟ್ಟುಕೊಂಡವನು ಅಂದು ಮಿನಿಟ್ಸ್ ಪುಸ್ತಕ ಎತ್ತಿಕೊಂಡು ಒಳಗೆ ನಡೆದ. ಸೋತ ಎಂದುಕೊಂಡು ನಾನು ದಾರಿಯುದ್ದಕ್ಕೂ ನಗುತ್ತಾ ಬಂದೆ.

ಮರು ಭಾನುವಾರ ಹೋಗುವಾಗ ನಾನು ಮೂರು ಆಕ್ಷೇಪಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅಣ್ಣ ಮಿನಿಟ್ಸ್ ಪುಸ್ತಕದ ಹಾಳೆಯನ್ನು ನನ್ನ ಕೈಗಿತ್ತು, “ಕನ್ನಡಕ ಒಳಗುಂಟು, ನೀನೇ ಓದು,” ಎಂದ. ಕನ್ನಡಕ ಅವನ ಕಿಸೆಯಲ್ಲೇ ಇತ್ತು. ನಾನು ಕೋರ್ಟಿನ ಠೀವಿಯಲ್ಲಿ ಓದತೊಡಗಿದೆ.

“ತಿದ್ದುಪಡಿ: ಈ ಮನೆಯಲ್ಲಿ ಹುಟ್ಟಿದ ಯಾವ ಕೋಳಿಯನ್ನೂ, ಹೆಸರಿದ್ದರೂ ಇಲ್ಲದಿದ್ದರೂ, ಕಡಿಯತಕ್ಕದ್ದಲ್ಲ. ತಮ್ಮನ ಕೋರಿ ರೊಟ್ಟಿಗೆ ಕೋಳಿಯನ್ನು ಅಂಗಡಿಯಿಂದ ನಾನೇ ತರತಕ್ಕದ್ದು.

“ಕಾರಣ: ತಮ್ಮನಿಗೆ ಐದು ವರ್ಷ ಇರುವಾಗ ಒಂದು ಬಿಳಿ ಕೋಳಿ ಸಾಕಿದ್ದ. ಅದು ಅವನು ಕರೆದರೆ ಮಾತ್ರ ಬರುತ್ತಿತ್ತು. ಮನೆಗೆ ನೆಂಟರು ಬಂದ ದಿನ ಅದನ್ನು ಹಿಡಿಯಲು ಅಪ್ಪ ನನಗೆ ಹೇಳಿದರು. ನಾನು ತಮ್ಮನ ದನಿಯಲ್ಲಿ ಕರೆದೆ. ಅದು ಓಡಿ ಬಂತು. ತಮ್ಮ ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಉಂಡ, ಮರೆತ. ನನಗೆ ಮರೆಯಲಿಕ್ಕೆ ಆಗಲಿಲ್ಲ.”

ಕೊನೆಯ ಸಾಲು ಓದುವಾಗ ನನ್ನ ಠೀವಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ಆಕ್ಷೇಪ ಉಂಟಾ ಮಗ?” ಎಂದು ಕೇಳಿದಳು.

“ಇಲ್ಲ,” ಎಂದೆ.

ಅಣ್ಣ ಆಗಲೇ ಅಂಗಳಕ್ಕಿಳಿದು ಅಕ್ಕಿ ಚೆಲ್ಲುತ್ತಿದ್ದ. “ಬಾ ಬಾ ಬಾ ಬ್ಬಾ...” ನಲವತ್ತು ವರ್ಷ ನಾನು ನಕ್ಕ ಆ ಕೀರಲು ದನಿ ನನ್ನದೇ. ಬೊಳ್ಳೆ ಓಡಿ ಬಂದು ಅವನ ಕಾಲಬಳಿ ನಿಂತಿತು. ಹೊಟ್ಟೆಕಿಚ್ಚು ಹೋಯಿತೆಂದು ತಿಳಿಯಬೇಡಿ. ಈಗ ಇರುವುದು ಅಣ್ಣ ಇಷ್ಟು ವರ್ಷವೂ ಮರೆಯದ ಆ ಐದು ವರ್ಷದ ಹುಡುಗನ ಮೇಲೆ. ಅಂಥ ಅಣ್ಣ ತನಗಿದ್ದಾನೆಂದು ಅವನಾದರೂ ನನಗೆ ಒಂದು ಮಾತು ಹೇಳಬಾರದಿತ್ತೇ?