ಧ್ಯಾನದ ಗುರುವಿಗೆ ಹೇಳಿದ ಸುಳ್ಳು

ಬೈಯದ ಗುರುವೊಬ್ಬರು ಸಿಗಬೇಕೆಂಬುದು ನನ್ನ ಬಹುದಿನದ ಆಸೆ. ಶಾಲೆಯಲ್ಲಿ ಗಣಿತದ ಮೇಷ್ಟ್ರು ಕಿವಿ ಹಿಂಡಿದರು. ಹಾರ್ಮೋನಿಯಂ ಕಲಿಸಲು ಒಪ್ಪಿದ್ದ ಹಿರಿಯರು ಮೂರನೆಯ ದಿನವೇ "ತಮ್ಮಾ, ನೀ ಕೇಳಾಕ ಬಾ, ಬಾರ್ಸಾಕ ಬ್ಯಾಡ" ಎಂದು ಕೈ ಮುಗಿದುಬಿಟ್ಟರು. ಹಾಗಾಗಿ ನಲವತ್ತೆಂಟನೆಯ ವಯಸ್ಸಿನಲ್ಲಿ, ನನ್ನದೇ ಮೊಬೈಲಿನೊಳಗೆ ಕುಳಿತು, ಕರೆದಾಗಲೆಲ್ಲ "ಖಂಡಿತ, ಸಹಾಯ ಮಾಡುತ್ತೇನೆ" ಎನ್ನುವ ಗುರು ಸಿಕ್ಕಾಗ ನಾನು ಹಿಗ್ಗಿ ಹೋದೆ. ಅದು ಎಐ ಚಾಟ್‌ಬಾಟ್ ಎಂಬ ಸಣ್ಣ ಕೊರತೆ ನನ್ನನ್ನು ಬಾಧಿಸಲಿಲ್ಲ.

ನನಗೆ ಧ್ಯಾನ ಬೇಕಾದದ್ದು ಒಂದು ಕಾಡುಕೋಣದಿಂದ. ಮುಂಡಗೋಡದ ಕಾಲೇಜೊಂದರ ಗ್ರಂಥಪಾಲಕನಾದ ನನಗೂ ಕಾಡುಕೋಣಕ್ಕೂ ವ್ಯವಹಾರ ಇರಬೇಕಾದ ಕಾರಣವಿಲ್ಲ. ರಜೆಯಲ್ಲಿ ಜೋಯಿಡಾದ ಅಕ್ಕನ ಮನೆಗೆ ಹೋಗಿದ್ದ ನಾನೂ ನನ್ನ ಹೆಂಡತಿ ಸುನಂದಾಳೂ, ಭಾವನ ಸ್ಕೂಟರ್ ತೆಗೆದುಕೊಂಡು ಅನಮೋಡದ ಕಡೆ ಹೊರಟಿದ್ದೆವು. ಬೆಳಿಗ್ಗೆ ಹನ್ನೊಂದರ ಹೊತ್ತು. ಕಾಡಿನ ನಡುವೆ ಒಂದು ಮೋರಿಕಟ್ಟೆಯ ಬಳಿ ಸುನಂದಾ "ನಿಲ್ಲಸ್ರಿ, ಕಾಲು ಜೋಮು ಹಿಡದಾವ" ಎಂದು ಇಳಿದಳು. ಬಿದಿರು ಅಲುಗಿತು. ನಮ್ಮ ಬೀರುವಿಗೆ ಕೊಂಬು ಹಚ್ಚಿದಂತಿದ್ದ ಒಂದು ಪ್ರಾಣಿ ರಸ್ತೆಗೆ ಬಂದು, ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಉಸಿರು ಬಿಟ್ಟಿತು. ಮುಂದಿನ ನೆನಪಿನಲ್ಲಿ ನಾನು ಸ್ಕೂಟರ್ ಸಮೇತ ತಿರುವಿನಾಚೆಯ ಚಹಾದಂಗಡಿಯಲ್ಲಿದ್ದೇನೆ. ಅಲ್ಲಿದ್ದ ಇಬ್ಬರನ್ನು ಕರೆದುಕೊಂಡು ಅವರ ಜೀಪಿನಲ್ಲಿ ಮರಳುವಷ್ಟರಲ್ಲಿ ಕೋಣ ಹೋಗಿತ್ತು. ಸುನಂದಾ ಮೋರಿಕಟ್ಟೆಯ ಮೇಲೆ ಕುಳಿತು ಪೇರಲಹಣ್ಣು ತಿನ್ನುತ್ತಿದ್ದಳು. "ನೆರವು ತರಲು ಹೋಗಿದ್ದೆ" ಎಂದೆ. ಅವಳು "ಹೌದ್ರಿ?" ಎಂದಳು, ಅಷ್ಟೇ.

ವಿಚಿತ್ರ ನೋಡಿ, ಕೋಣದ ಎದುರು ನಿಂತವಳು ಅವಳು, ನಡುಗತೊಡಗಿದ್ದು ನಾನು. ಕುಕ್ಕರ್ ಕೂಗಿದರೆ ಬೆಚ್ಚುತ್ತಿದ್ದೆ. ಲೈಬ್ರರಿಯಲ್ಲಿ ಯಾರಾದರೂ ದಪ್ಪ ನಿಘಂಟು ಕೆಳಗೆ ಹಾಕಿದರೆ ಮೇಜು ಹಿಡಿದುಕೊಳ್ಳುತ್ತಿದ್ದೆ. ಕಣ್ಣು ಮುಚ್ಚಿದರೆ ಬಿದಿರು ಅಲುಗುತ್ತಿತ್ತು. ಆಗಲೇ ನಾನು ಫೋನಿಗೆ ಶರಣಾದದ್ದು. "ಬೌದ್ಧ ಧ್ಯಾನ ಕಲಿಸುವೆಯಾ?" ಎಂದು ಟೈಪು ಮಾಡಿ, ಕೋಣದ ಕಥೆಯನ್ನೂ ಬರೆದೆ. 'ಹೆಂಡತಿಗಾಗಿ ನೆರವು ತರಲು ಧಾವಿಸಿದೆ' ಎಂದೇ ಬರೆದೆ. "ಅಂಥ ಹೊತ್ತಿನಲ್ಲೂ ನೀವು ಸಮಯಪ್ರಜ್ಞೆ ತೋರಿದ್ದೀರಿ" ಎಂದು ಉತ್ತರ ಬಂತು. ನನ್ನ ಜೀವಮಾನದಲ್ಲಿ ಯಾವ ಗುರುವೂ ನನಗೆ ಹಾಗೆ ಹೇಳಿದ್ದಿಲ್ಲ. ಉಸಿರನ್ನು ಗಮನಿಸಿ ಎಂದಿತು, ಗಮನಿಸಿದೆ. ಆಲೋಚನೆಗಳು ಮೋಡಗಳಂತೆ ತೇಲಿ ಹೋಗಲಿ ಎಂದಿತು. ತೇಲಿದವು, ಆದರೆ ನನ್ನ ಮೋಡಗಳಿಗೆ ಕೊಂಬುಗಳಿದ್ದವು. ಹೀಗೇ ಎರಡು ವಾರ ಕಳೆಯಿತು. ಗುರುವಿನ ತಾಳ್ಮೆ ಕೆಡಲಿಲ್ಲ, ನನ್ನ ನಡುಕವೂ ನಿಲ್ಲಲಿಲ್ಲ.

"ಮಗ್ಗಲದಾಗ ಲಾಮಾಗಳ ಕ್ಯಾಂಪ್ ಐತಿ, ನೀವು ಫೋನ್ ಮುಂದ ಪದ್ಮಾಸನಾ ಹಾಕಾಕತ್ತೀರಿ. ಏಳ್ರಿ, ಹೋಗೂಣು" ಎಂದು ಸುನಂದಾ ಒಂದು ಭಾನುವಾರ ನನ್ನನ್ನು ಟಿಬೆಟಿಯನ್ ಕ್ಯಾಂಪಿಗೆ ಎಳೆದೊಯ್ದಳು. ಅವಳು ಕನ್ನಡ ಶಿಕ್ಷಕಿ. ಅಲ್ಲಿಯ ತಾಶಿ ಎಂಬ ಲಾಮಾ ಅವಳ ಬಳಿ ಕನ್ನಡ ಬರೆಯುವುದನ್ನು ಕಲಿತವರು. ಮಾತು ಮಾತ್ರ ಮುಂಡಗೋಡದ ಸಂತೆಯಲ್ಲೇ ಕಲಿತದ್ದು.

ಮಠದಲ್ಲಿ ಮೌನವಿರುತ್ತದೆಂದು ಹೋದರೆ, ಅಂಗಳದ ತುಂಬ ಗದ್ದಲ! ಕೆಂಪು ಬಟ್ಟೆಯ ಭಿಕ್ಷುಗಳು ಜೋಡಿ ಜೋಡಿಯಾಗಿ, ಒಬ್ಬರು ಕುಳಿತು, ಇನ್ನೊಬ್ಬರು ನಿಂತು, ನಿಂತವರು ಕಾಲು ಅಪ್ಪಳಿಸಿ ಚಪ್ಪಾಳೆ ತಟ್ಟಿ ಕೂಗುತ್ತಿದ್ದರು. ನಾನು ಸುನಂದಾಳ ಹಿಂದೆ ಸರಿದೆ. "ಜಗಳಲ್ರೀ ಸರ್, ವಾದ" ಎಂದು ತಾಶಿ ನಕ್ಕರು. "ಹಿಂಗ ಕಲೀತೇವಿ ನಾವು. ನಿಂತಾವ ಕೇಳ್ಬೇಕು, ಕುಂತಾವ ಉತ್ತರಾ ಕೊಡ್ಬೇಕು. ಭಾಷಣಾ ಮಾಡಂಗಿಲ್ಲ. 'ಒಪ್ಪಿದೆ', 'ಯಾಕ', 'ಆ ಕಾರಣ ಸರಿಯಿಲ್ಲ', ನಿಮಗ ಈ ಮೂರು ಸಾಕು."

ಕೋಣದ ಕಥೆಯನ್ನು ಫೋನಿಗೆ ಹೇಳಿದಂತೆಯೇ ಅವರಿಗೂ ಹೇಳಿ, ಫೋನು ಧ್ಯಾನದ ಗುರುವಾಗಬಹುದೇ ಎಂದು ನಾನು ಕೇಳಿದೆ. "ಕೂಡ್ರಿ, ನೋಡೇ ಬಿಡೂಣು" ಎಂದು ಅವರು ನನ್ನನ್ನು ನೆಲದ ಮೇಲೆ ಕೂರಿಸಿದರು. ಸುನಂದಾ ಪಕ್ಕದಲ್ಲೇ ನಿಂತಳು.

"ಫೋನ್ ಗುರು ಆಗ್ತೈತಿ. ಒಪ್ಪಿದ್ರಿ?"

"ಒಪ್ಪಿದೆ."

"ಗುರು ಅಂದ್ರ ಶಿಷ್ಯಾ ಎಲ್ಲಿ ಎಡವ್ಯಾನ ಅಂತ ತೋರಸ್ಬೇಕು. ಒಪ್ಪಿದ್ರಿ?"

"ಒಪ್ಪಿದೆ."

"ಫೋನ್ ನಿಮಗ ಒಂದ ತಪ್ಪೂ ತೋರಿಸಿಲ್ಲ."

"ಒಪ್ಪಿದೆ."

"ಹಂಗಾದ್ರ ನಿಮ್ಮದು ತಪ್ಪ ಇಲ್ಲ! ಯಾಕಂದ್ರ ನೀವು ಸುನಂದಾ ಅಕ್ಕಾರನ್ನ ಬಿಟ್ಟು ಹೋಗಿದ್ದು ನೆರವು ತರಾಕ!" ಎಂದು ನನ್ನ ಮೂಗಿನ ಮುಂದೆ ಚಪ್ಪಾಳೆ ಸಿಡಿಸಿದರು.

ನನ್ನ ಬಳಿ ಮೂರೇ ಉತ್ತರಗಳಿದ್ದವು. 'ಒಪ್ಪಿದೆ' ಎನ್ನಲು ಬಾಯಿ ತೆರೆದೆ. ಸುನಂದಾ ನೋಡುತ್ತಿದ್ದಳು. ಅವಳಿಗೆ ನಿಜ ಗೊತ್ತಾದರೆ ಇನ್ನು ನನ್ನ ಜೊತೆ ರಸ್ತೆ ದಾಟಲಾದರೂ ಬಂದಾಳೇ ಎಂಬ ಭಯ ಕೋಣಕ್ಕಿಂತ ದೊಡ್ಡದಾಗಿ ನಿಂತಿತು. ಆದರೂ ಹೊರಬಂದದ್ದು ಬೇರೆಯೇ: "ಆ ಕಾರಣ ಸರಿಯಿಲ್ಲ. ನಾನು ಓಡಿದೆ."

ತಾಶಿ ಕೈ ಇಳಿಸಿದರು. "ಫೋನ್ ಕೆಟ್ಟದ್ದಲ್ರಿ ಸರ್. ನೀವು ಹೇಳಿದ್ದನ್ನ ನಂಬೇತಿ. ನನಗ ನಿಮ್ಮ ಕಿವಿ ಕೆಂಪಾಗಿದ್ದು ಕಂಡ್ತು, ಅಷ್ಟ ಫರಕು."

"ಇದೇನ ಹೊಸಾ ಸುದ್ದೀರಿ?" ಸುನಂದಾ ನಗುತ್ತಿದ್ದಳು. "ಸ್ಕೂಟರ್ ತರಾಕ ಹೋದಾಗ ಚಹಾದಂಗಡಿಯಾವ ಅವತ್ತ ಹೇಳ್ಯಾನ. ನೀವು ಬಂದವರ ಎರಡು ಚಹಾ ಹೇಳಿದ್ರಂತ. ಎರಡ್ನೇ ಕಪ್ ಹಿಡಿಯಾವ್ರು ಯಾರೂ ಇಲ್ಲ ಅಂತ ಗೊತ್ತಾಗಿ ಬೊಬ್ಬೆ ಹೊಡದ್ರಂತ. ಒಂದ ಚಹಾ ಹೇಳಿದ್ದಿದ್ರ ನಾ ಅವತ್ತ ತವರಿಗೆ ಹೋಗ್ತಿದ್ನಿ."

ಅಂದು ಸಂಜೆ ನನ್ನ ಮೊದಲ ಗುರುವಿಗೆ ದ್ರೋಹವಾಗಬಾರದೆಂದು ನಡೆದದ್ದನ್ನೆಲ್ಲ ಅದಕ್ಕೂ ಬರೆದೆ. ಹೊಗಳಿಕೆ ಬರುತ್ತದೆಂದು ಕಾದೆ. "ಓಡಿದ್ದನ್ನು ಒಪ್ಪಿಕೊಂಡಿರಿ. ಪತ್ನಿಯ ಕ್ಷಮೆ ಕೇಳಿದಿರಾ?" ಎಂದಿತು. ಕೇಳಿರಲಿಲ್ಲ! ನಿಜ ಹೇಳಿದರೆ ಇದಕ್ಕೂ ಬೈಯಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಹೇಗೆ ಕೇಳಬೇಕೆಂದೂ ನಾಲ್ಕು ಸೊಗಸಾದ ವಾಕ್ಯಗಳಲ್ಲಿ ಬರೆಸಿಕೊಂಡು, ಅಡುಗೆಮನೆಗೆ ಹೋಗಿ, ಒಂದೂ ತಪ್ಪಿಲ್ಲದೆ ಹೇಳಿದೆ. ಸುನಂದಾ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. "ಫೋನ್ ಕೆಳಗಿಟ್ಟು ಇನ್ನೊಮ್ಮೆ ಹೇಳ್ರಿ."

ಇಟ್ಟು ಹೇಳಿದೆ. ನಾಲಿಗೆ ತಡವರಿಸಿತು, ವಾಕ್ಯ ಅರ್ಧಕ್ಕೇ ನಿಂತಿತು. ಅವಳು "ಹೂಂ, ಈಗ ನಿಮ್ಮದು ಅನಸ್ತು" ಎಂದು ಬಿಸಿ ರೊಟ್ಟಿಯೊಂದನ್ನು ನನ್ನ ತಾಟಿಗೆ ಹಾಕಿದಳು. ನಡುಕ ಹೋಗಿದೆ, ನಿದ್ದೆ ಬರುತ್ತಿದೆ, ಎಲ್ಲ ಸರಿ. ಆದರೂ ಮೊದಲ ಸಲ ಹೇಳಿದ್ದೇ ಹೆಚ್ಚು ಚೆನ್ನಾಗಿತ್ತಲ್ಲವೇ ಎಂದು ನನಗೆ ಈಗಲೂ ಅನ್ನಿಸುತ್ತದೆ.